ತುಂಬಿದ ಕುರ್ಚಿಗಳನ್ನು ನೋಡಲು ಥಂಡರ್ ಬೇಗೆ

2022ರ ಫೆಬ್ರವರಿ. ನಾವು ಕೆನಡಾಕ್ಕೆ ಬಂದು ಐದು ತಿಂಗಳಾಗಿತ್ತು ಅಷ್ಟೇ. ಹೊರಗೆ ಹಿಮ, ಅದರ ಮೇಲೆ ಕೋವಿಡ್ ನಿರ್ಬಂಧ. ಟೊರಾಂಟೊ ಪಕ್ಕದ ಮಿಸ್ಸಿಸಾಗಾದ ಬಾಡಿಗೆ ಮನೆಯಲ್ಲಿ ನಾನು, ಆರು ವರ್ಷದ ಮಗಳು, ಒಂದು ಟಿವಿ. ಒಂದು ಸಂಜೆ ಸುಮ್ನೆ ಚಾನೆಲ್ ಬದಲಾಯಿಸುವಾಗ ಕೆಲವು ಹೆಂಗಸರು ಐಸ್ ಮೇಲೆ ಕಲ್ಲು ಜಾರಿಸುತ್ತಿರುವುದು ಕಂಡಿತು. ಕೈಯಲ್ಲಿ ಪೊರಕೆಯಂಥ ಬ್ರಷ್ ಬೇರೆ. ಇಬ್ಬರೂ ಅಲ್ಲೇ ಕೂತುಬಿಟ್ಟೆವು.

ನನ್ನನ್ನು ಹಿಡಿದದ್ದು ಆಟಕ್ಕಿಂತ ಮಾತು. ಕರ್ಲಿಂಗ್ ಎಂಬ ಈ ಆಟದಲ್ಲಿ ಆಟಗಾರರ ಮೈಮೇಲೆ ಮೈಕ್ ಇರುತ್ತದೆ. ಅವರು ಯೋಚಿಸುವುದೆಲ್ಲ ನಮಗೆ ಕೇಳುತ್ತದೆ. 'ಇದನ್ನು ಹೊಡೆದರೆ ಅದು ಎಲ್ಲಿ ಹೋಗುತ್ತೆ?', 'ನನಗೆ ಇದು ಇಷ್ಟವಿಲ್ಲ', 'ಸರಿ, ನೀನು ಹೇಳಿದ ಹಾಗೇ ಆಗಲಿ'. ನಾಲ್ಕು ಜನ ಹೆಂಗಸರು ಗಟ್ಟಿಯಾಗಿ ಯೋಚಿಸಿ, ಒಪ್ಪಿ, ಒಂದು ಕಲ್ಲನ್ನು ನಡೆಸುತ್ತಾರೆ. ಮಾತಿಗೆ ಜನವಿಲ್ಲದ ಆ ಚಳಿಗಾಲದಲ್ಲಿ ಅವರ ಮಾತೇ ನನಗೆ ಜೊತೆಯಾಯಿತು.

ಅದು ಕೆನಡಾದ ರಾಷ್ಟ್ರೀಯ ಮಹಿಳಾ ಕರ್ಲಿಂಗ್ ಚಾಂಪಿಯನ್‌ಷಿಪ್, ಸ್ಕಾಟೀಸ್ ಟೂರ್ನಮೆಂಟ್ ಆಫ್ ಹಾರ್ಟ್ಸ್. ನಡೆದದ್ದು ಒಂಟಾರಿಯೊ ಪ್ರಾಂತ್ಯದ ಉತ್ತರದಲ್ಲಿರುವ ಥಂಡರ್ ಬೇ ಊರಿನಲ್ಲಿ. ಫೈನಲ್‌ನಲ್ಲಿ ಮ್ಯಾನಿಟೋಬಾದ ಕೆರಿ ಐನರ್ಸನ್ ತಂಡ 9-6ರಿಂದ ಗೆದ್ದಿತು. ಸೋತದ್ದು ಅದೇ ಊರಿನ ಕ್ರಿಸ್ಟಾ ಮೆಕಾರ್ವಿಲ್ ತಂಡ. ಮೆಕಾರ್ವಿಲ್ ಶಾಲೆಯ ಟೀಚರ್. ತನ್ನ ಊರಲ್ಲೇ ದೇಶದ ಫೈನಲ್ ಆಡುವ ದಿನ ಬಂದಾಗ ಊರಿನ ಜನ ಬಹುಪಾಲು ಮನೆಯಲ್ಲಿ ಟಿವಿ ಮುಂದೆ ಇದ್ದರು. ಆ ಖಾಲಿ ಕುರ್ಚಿಗಳ ಸಾಲು ನನ್ನ ತಲೆಯಿಂದ ಹೋಗಲೇ ಇಲ್ಲ.

2025ರಲ್ಲಿ ಪಂದ್ಯಾವಳಿ ಮತ್ತೆ ಥಂಡರ್ ಬೇಗೆ ಬರುತ್ತದೆ, ಅದೇ ಫೋರ್ಟ್ ವಿಲಿಯಮ್ ಗಾರ್ಡನ್ಸ್‌ನಲ್ಲಿ ಅಂತ ಗೊತ್ತಾದ ದಿನವೇ ಹೋಗುವುದೆಂದು ನಿಶ್ಚಯಿಸಿದೆ. ಅಷ್ಟರಲ್ಲಿ ಮಗಳು ನಮ್ಮ ಹತ್ತಿರದ ಕ್ಲಬ್ಬಿನಲ್ಲಿ ಚಿಕ್ಕ ಮಕ್ಕಳ ಕರ್ಲಿಂಗ್ ತರಗತಿಗೆ ಸೇರಿದ್ದಳು. ಅವಳಿಗೆ ನನಗಿಂತ ಆತುರ.

ಫೆಬ್ರವರಿ 14, ಶುಕ್ರವಾರ

ಮಿಸ್ಸಿಸಾಗಾದಿಂದ ಥಂಡರ್ ಬೇಗೆ ರಸ್ತೆಯಲ್ಲಿ ಸುಮಾರು 1,400 ಕಿಲೋಮೀಟರ್. ಚಳಿಗಾಲದಲ್ಲಿ ಆ ದಾರಿಗೆ ಇಳಿಯುವ ಧೈರ್ಯ ನಮಗಿರಲಿಲ್ಲ, ಹಾಗಾಗಿ ವಿಮಾನ. ಶನಿವಾರದಿಂದ ಟೊರಾಂಟೊ ಕಡೆ ದೊಡ್ಡ ಹಿಮಪಾತ ಎಂದು ಮುನ್ಸೂಚನೆ ಇತ್ತು. ಒಂದು ದಿನ ಮೊದಲೇ ಹೊರಟದ್ದು ಒಳ್ಳೆಯದಾಯಿತು.

ರಾತ್ರಿ ಇಳಿದಾಗ ಮೈನಸ್ 20ರ ಆಸುಪಾಸು. ಮೂಗಿನ ಒಳಗಿನ ಕೂದಲು ಕೂಡ ಹೆಪ್ಪುಗಟ್ಟಿದ ಹಾಗೆ ಚುರುಚುರು ಅನ್ನುತ್ತದೆ. ಬಾಡಿಗೆ ಕಾರಿನ ಮುಂಭಾಗದಿಂದ ಒಂದು ವೈರು, ತುದಿಯಲ್ಲಿ ಪ್ಲಗ್, ನೇತಾಡುತ್ತಿತ್ತು. ಇದು ಏನು ಅಂತ ಕೇಳಬೇಕೆಂದುಕೊಂಡೆ. ಚಳಿಗೆ ಮರೆತೆ.

ಫೆಬ್ರವರಿ 15, ಶನಿವಾರ

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿದರೆ ಒಂದು ಸಣ್ಣ ನರಳಾಟ, ಮತ್ತೆ ಮೌನ. ಮಗಳ ಕಣ್ಣಲ್ಲಿ ನೀರು. ನಾವು ಉಳಿದಿದ್ದ ಮನೆಯ ಎದುರಿನವರು ಕಿಟಕಿಯಿಂದ ನೋಡಿದ್ದಿರಬೇಕು. ನಿಲುವಂಗಿಯ ಮೇಲೇ ಜಾಕೆಟ್ ಹಾಕಿಕೊಂಡು ಕೇಬಲ್ ಹಿಡಿದು ಬಂದರು. ನೇತಾಡುವ ಪ್ಲಗ್ ತೋರಿಸಿ, 'ರಾತ್ರಿ ಇದನ್ನು ಗೋಡೆಗೆ ಹಾಕಬೇಕು ಮಗಾ' ಅಂದರು. ಅದು ಎಂಜಿನ್ ಬೆಚ್ಚಗಿಡುವ ಹೀಟರ್. ಇಲ್ಲಿನ ಮನೆಗಳ ಹೊರಗೆ, ಪಾರ್ಕಿಂಗ್ ಕಂಬಗಳಲ್ಲಿ ಅದಕ್ಕೇ ಅಂತ ಪ್ಲಗ್ ಪಾಯಿಂಟ್ ಇರುತ್ತವೆ. ಚಳಿಗಾಲದಲ್ಲಿ ಈ ಕಡೆ ಬರುವವರು ಕಾರು ತೆಗೆದುಕೊಳ್ಳುವಾಗಲೇ ಇದನ್ನು ಕೇಳಿಕೊಳ್ಳಿ. ಉಳಿಯುವ ಜಾಗದಲ್ಲಿ ಹೊರಗಿನ ಪ್ಲಗ್ ಇದೆಯಾ ಅಂತಲೂ ನೋಡಿಕೊಳ್ಳಿ.

ಆ ಮನುಷ್ಯ ದುಡ್ಡು ಮುಟ್ಟಲಿಲ್ಲ. 'ಕರ್ಲಿಂಗ್ ನೋಡೋಕೆ ಬಂದಿದ್ದೀರಾ? ಹಾಗಾದ್ರೆ ಕ್ರಿಸ್ಟಾಗೆ ಜೋರಾಗಿ ಕೂಗಿ' ಅಂದರು. ಊರಿನ ಎಲ್ಲರೂ ಆಕೆಯನ್ನು ಹೆಸರಿನಿಂದಲೇ ಕರೆಯುತ್ತಾರೆ, ಪಕ್ಕದ ಮನೆಯ ಹುಡುಗಿಯ ಹಾಗೆ.

ಫೋರ್ಟ್ ವಿಲಿಯಮ್ ಗಾರ್ಡನ್ಸ್ 1951ರಲ್ಲಿ ಶುರುವಾದ ಹಳೆಯ ಕ್ರೀಡಾಂಗಣ. ಆಗ ಥಂಡರ್ ಬೇ ಅನ್ನುವ ಊರೇ ಇರಲಿಲ್ಲ. ಫೋರ್ಟ್ ವಿಲಿಯಮ್, ಪೋರ್ಟ್ ಆರ್ಥರ್ ಎಂಬ ಎರಡು ಊರುಗಳು 1970ರಲ್ಲಿ ಸೇರಿ ಒಂದಾದವು. ಒಳಗೆ ಹೋದ ತಕ್ಷಣ ನಾನು ಮೊದಲು ನೋಡಿದ್ದು ಐಸ್ ಅಲ್ಲ, ಕುರ್ಚಿಗಳನ್ನು. ತುಂಬಿದ್ದವು. ಮಡಿಲ ಮೇಲೆ ಕಂಬಳಿ, ಕೈಯಲ್ಲಿ ಕಾಫಿ, ಕೊರಳಿನ ಪಟ್ಟಿ ತುಂಬಾ ಪಿನ್‌ಗಳು, ಕೆನ್ನೆಯ ಮೇಲೆ ಬಣ್ಣ ಹಚ್ಚಿಕೊಂಡ ಅಜ್ಜಿಯರು. ನನಗೆ ಗಂಟಲು ಕಟ್ಟಿತು.

ಬ್ಯಾಗ್‌ಪೈಪ್ ಊದುವವರು ಮುಂದೆ, ಆಟಗಾರ್ತಿಯರು ಹಿಂದೆ ಸಾಲಾಗಿ ಬಂದರು. ಈ ಆಟ ಸ್ಕಾಟ್ಲೆಂಡಿನದು, ಅದಕ್ಕೆ ಈ ಮರ್ಯಾದೆ. ಕಲ್ಲುಗಳೂ ಅಲ್ಲಿಯವೇ. ಐಲ್ಸಾ ಕ್ರೇಗ್ ಎಂಬ ಸಣ್ಣ ದ್ವೀಪದ ಗ್ರಾನೈಟ್. ಒಂದೊಂದು ಹತ್ತಿರ ಹತ್ತಿರ 20 ಕಿಲೋ. ನಮ್ಮ ಕಡೆಯ ರುಬ್ಬುವ ಗುಂಡಿನ ಭಾರ ಅಂದುಕೊಳ್ಳಿ, ಅದನ್ನು 45 ಮೀಟರ್ ಉದ್ದದ ಐಸ್ ಹಾಸಿನ ಆ ಕಡೆಯ ಗುರಿಯಲ್ಲಿ, ಬೇಕಾದ ಗೇಣಿನಲ್ಲಿ ನಿಲ್ಲಿಸಬೇಕು.

ಕ್ಯಾರಂ ಆಡಿದವರಿಗೆ ಈ ಆಟ ಬೇಗ ಅರ್ಥವಾಗುತ್ತದೆ. ಒಂದು ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡು ಕಲ್ಲು. ಆ ತುದಿಯಲ್ಲಿ 12 ಅಡಿ ಅಗಲದ ವೃತ್ತ, ಅದಕ್ಕೆ ಹೌಸ್ ಅನ್ನುತ್ತಾರೆ. ಎರಡೂ ತಂಡಗಳ 16 ಕಲ್ಲು ಮುಗಿದಾಗ ನಡುಬಿಂದುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಮಾತ್ರ ಅಂಕ. ಇದು ಒಂದು ಎಂಡ್. ಇಂಥ ಹತ್ತು. ಎಂಡ್‌ನ ಕೊನೆಯ ಕಲ್ಲು ಯಾರ ಕೈಯಲ್ಲಿದೆಯೋ ಅವರ ಬಳಿ ಹ್ಯಾಮರ್ ಇದೆ ಅನ್ನುತ್ತಾರೆ. ಅಂಕ ಗಳಿಸಿದರೆ ಆ ಹ್ಯಾಮರ್ ಎದುರಾಳಿಗೆ ಹೋಗುತ್ತದೆ. ಅದಕ್ಕೇ ಒಂದೇ ಅಂಕ ಸಿಗುವ ಹಾಗಿದ್ದರೆ ಬೇಕೆಂತಲೇ ಬಿಟ್ಟುಬಿಡುವುದೂ ಉಂಟು. ನಾನು ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಚಳಿಗಾಲ ಬೇಕಾಯಿತು. ಮಗಳಿಗೆ ಎರಡು ದಿನ.

ಆಟ ಶುರುವಾಗುವ ಮೊದಲು ಒಬ್ಬರು ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು ಹಿಮ್ಮುಖವಾಗಿ ನಡೆಯುತ್ತಾ ಐಸ್ ಮೇಲೆ ಹನಿ ಚಿಮುಕಿಸಿದರು. ಅಂಗಳಕ್ಕೆ ನೀರು ಹಾಕುವ ನನ್ನ ಅಮ್ಮನ ಕೈ ಥೇಟ್ ಹೀಗೇ ಬೀಸುತ್ತದೆ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಉಬ್ಬುಗಳಾಗುತ್ತವೆ. ಕಲ್ಲು ಓಡುವುದು ಆ ಉಬ್ಬುಗಳ ಮೇಲೆ. ನುಣ್ಣನೆಯ ಐಸ್ ಆಗಿದ್ದರೆ ಕಲ್ಲು ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಬ್ರಷ್ ಉಜ್ಜುವುದರಿಂದ ಐಸ್ ಸ್ವಲ್ಪ ಬಿಸಿಯಾಗಿ ಕಲ್ಲು ಮುಂದೆ ಹೋಗುತ್ತದೆ, ಬಾಗುವುದೂ ಕಡಿಮೆಯಾಗುತ್ತದೆ. ಟಿವಿಯಲ್ಲಿ ಸುಲಭ ಅನಿಸುತ್ತದೆ. ಎದುರಿಗೆ ಕೂತರೆ ಅವರ ತೋಳು, ಬೆನ್ನು, ಉಸಿರು ಎಲ್ಲ ಕಾಣುತ್ತದೆ.

ಟಿವಿಗಿಂತ ಇನ್ನೊಂದು ದೊಡ್ಡ ವ್ಯತ್ಯಾಸ: ನಾಲ್ಕು ಆಟಗಳು ಒಟ್ಟಿಗೇ ನಡೆಯುತ್ತವೆ. ಒಂದು ಕಡೆ ಕಣ್ಣಿಟ್ಟರೆ ಇನ್ನೊಂದು ಕಡೆ ಚಪ್ಪಾಳೆ ಏಳುತ್ತದೆ. ಆದರೆ ಮೆಕಾರ್ವಿಲ್ ತಂಡ ಕಲ್ಲು ಬಿಡುವಾಗ ಮಾತ್ರ ಇಡೀ ಸಭಾಂಗಣ ಒಂದೇ ಕಡೆ ತಿರುಗುತ್ತಿತ್ತು. ಸಾವಿರಾರು ಜನ ಉಸಿರು ಹಿಡಿದರೆ ಆಗುವ ಮೌನ ಎಂಥದ್ದು ಅಂತ ಅವತ್ತು ಗೊತ್ತಾಯಿತು. ಕಲ್ಲು ಐಸ್ ಮೇಲೆ ಗುರ್ ಎನ್ನುತ್ತಾ ಹೋಗುವ ಸದ್ದು ಮೇಲಿನ ಸಾಲಿನವರೆಗೂ ಕೇಳುತ್ತದೆ. ಆಮೇಲೆ 'ಹರ್ರಿ! ಹರ್ರಿ ಹಾರ್ಡ್!' ಎಂಬ ಕೂಗು, ಜೋರಾಗಿ ಉಜ್ಜಿ ಅಂತ. ಆಮೇಲೆ ಸ್ಫೋಟ.

ಒಂದು ಮಾತು. ಒಳಗೆ ಚಳಿ ಇರುತ್ತದೆ. ಮೂರು ಗಂಟೆ ಕೂರಬೇಕು. ಕಂಬಳಿ ಒಯ್ಯಿರಿ, ಕುರ್ಚಿಗೆ ಹಾಸಲು ಒಂದು ದಪ್ಪ ಶಾಲು ಬೇರೆ.

ಫೆಬ್ರವರಿ 16, ಭಾನುವಾರ

ಟೊರಾಂಟೊ ಕಡೆ ಜೋರು ಹಿಮ ಬೀಳುತ್ತಿದೆ ಅಂತ ಗಂಡನ ಫೋನ್. ಡ್ರೈವ್‌ವೇ ಎರಡು ಸಲ ಗುಡಿಸಿದ್ದರಂತೆ. ಇಲ್ಲಿ ಆಕಾಶ ನೀಲಿ, ಬಿಸಿಲು ಕಣ್ಣು ಕೋರೈಸುವಷ್ಟು, ಚಳಿ ಮಾತ್ರ ಇನ್ನೂ ಜಾಸ್ತಿ.

ಬೆಳಿಗ್ಗೆ ತಿಂಡಿಗೆ ಫಿನ್ನಿಷ್ ಪ್ಯಾನ್‌ಕೇಕ್. ಥಂಡರ್ ಬೇಯಲ್ಲಿ ಫಿನ್ಲೆಂಡ್ ಮೂಲದವರು ತುಂಬಾ ಜನ. 1918ರಿಂದ ಇದ್ದ ಹೊಯ್ಟೊ ಎಂಬ ಹೋಟೆಲ್ ಈ ಪ್ಯಾನ್‌ಕೇಕಿಗೆ ಹೆಸರಾಗಿತ್ತು. ಅದು ಇದ್ದ ಫಿನ್ನಿಷ್ ಲೇಬರ್ ಟೆಂಪಲ್ ಕಟ್ಟಡ 2021ರ ಡಿಸೆಂಬರಿನಲ್ಲಿ ಬೆಂಕಿಗೆ ಹೋಯಿತು. ಊರಿನವರು ಇನ್ನೂ ಅದರ ಬಗ್ಗೆ ಮನೆಯವರನ್ನು ಕಳೆದುಕೊಂಡವರ ಹಾಗೆ ಮಾತಾಡುತ್ತಾರೆ. ನಾವು ಕಂಗಾಸ್ ಸೌನಾಗೆ ಹೋದೆವು. ಅಲ್ಲಿ ಬಿಸಿ ಹಬೆಯಲ್ಲಿ ಕೂರುವ ಸೌನಾ ಕೋಣೆಗಳೂ ಇವೆ, ಹೋಟೆಲೂ ಇದೆ. ಪ್ಯಾನ್‌ಕೇಕ್ ತಟ್ಟೆಯ ಅಂಚಿನವರೆಗೂ ಹರಡಿರುತ್ತದೆ. ತೆಳ್ಳಗೆ, ಅಂಚು ಗರಿ. ನೀರುದೋಸೆಗಿಂತ ಸ್ವಲ್ಪ ದಪ್ಪ, ಮೊಟ್ಟೆ ಇರುತ್ತದೆ.

ಆದರೆ ನನ್ನ ಮನಸ್ಸು ಗೆದ್ದದ್ದು ಪುಲ್ಲಾ ಎಂಬ ಹೆಣೆದ ಬ್ರೆಡ್. ಬಾಯಿಗಿಟ್ಟ ಕೂಡಲೇ ಏಲಕ್ಕಿ! ನಾನು ಶಿರಸಿಯವಳು. ಏಲಕ್ಕಿ ಒಣಗಿಸುವ ಅಟ್ಟದ ಕೆಳಗೆ ಬೆಳೆದವಳು. ಮೈನಸ್ 25ರಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿ ಆ ಪರಿಮಳ ಸಿಕ್ಕಿದಾಗ ಕಣ್ಣು ಮುಚ್ಚಿಕೊಂಡೆ. ಎರಡು ಬ್ರೆಡ್ ಕಟ್ಟಿಸಿಕೊಂಡೆ. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, 'ಅಲ್ಲಿಯ ತನಕ ಹೋಗಿ ಏಲಕ್ಕಿ ತಿಂದ್ಯಾ?' ಅಂದಳು.

ಮಧ್ಯಾಹ್ನದ ಆಟದಲ್ಲಿ ನಮ್ಮ ಪಕ್ಕ ಎಪ್ಪತ್ತು ದಾಟಿದ ಒಬ್ಬ ಮಹಿಳೆ. ಒಂದು ಗಂಟೆ ದೂರದ ನಿಪಿಗನ್‌ನಿಂದ ದಿನವೂ ಕಾರು ಓಡಿಸಿಕೊಂಡು ಬರುತ್ತಿದ್ದರು. 2022ರಲ್ಲಿ ಅವರು ಇಲ್ಲಿ ಸ್ವಯಂಸೇವಕಿ. ನಾನು ಆ ವರ್ಷ ಟಿವಿಯಲ್ಲಿ ನೋಡಿದ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಗ ಕಲ್ಲಿಗೆ ಕಲ್ಲು ಬಡಿದ ಸದ್ದು ಮಾತ್ರ ಕೇಳ್ತಿತ್ತು. ಹುಡುಗಿಯರು ಒಳ್ಳೆ ಕಲ್ಲು ಬಿಟ್ಟಾಗ ಚಪ್ಪಾಳೆ ತಟ್ಟೋಕೂ ಸಂಕೋಚ ಆಗ್ತಿತ್ತು, ಅಷ್ಟು ಖಾಲಿ' ಅಂದರು. ಈ ಊರು ಕರ್ಲಿಂಗ್ ಊರು ಅನ್ನುವುದನ್ನು ಅವರಿಂದಲೇ ಕೇಳಬೇಕು. ಇಲ್ಲಿಯ ಹೆದರ್ ಹ್ಯೂಸ್ಟನ್ ತಂಡ 1988, 1989ರಲ್ಲಿ ಸತತ ಎರಡು ಸಲ ಸ್ಕಾಟೀಸ್ ಗೆದ್ದಿತು, 1989ರಲ್ಲಿ ವಿಶ್ವ ಚಾಂಪಿಯನ್ ಕೂಡ ಆಯಿತು. ಮೆಕಾರ್ವಿಲ್ ಎರಡು ಸಲ ಫೈನಲ್ ಸೋತಿದ್ದಾರೆ, 2016ರಲ್ಲಿ ಮತ್ತು 2022ರಲ್ಲಿ.

ಈ ಆಟದಲ್ಲಿ ತಪ್ಪಾದರೆ ತಪ್ಪು ಮಾಡಿದವರೇ ಹೇಳಿಬಿಡುವುದು ವಾಡಿಕೆ ಅಂತಲೂ ಅವರು ವಿವರಿಸಿದರು. ಉಜ್ಜುವಾಗ ಬ್ರಷ್ ಓಡುವ ಕಲ್ಲಿಗೆ ತಾಗಿತು ಅನ್ನಿ, ಯಾರೂ ನೋಡಿರದಿದ್ದರೂ ಆಟಗಾರ್ತಿ ತಾನೇ ಕೈಯೆತ್ತಬೇಕು. ಸೋಲು ಖಚಿತವಾದಾಗ ಬ್ರಷ್ ಬದಿಗಿಟ್ಟು ಕೈಕುಲುಕುವುದೂ ಸೋಲುವವರೇ. ಮಗಳು ಗಂಭೀರವಾಗಿ ತಲೆಯಾಡಿಸಿ ಕೇಳಿಸಿಕೊಂಡಳು.

ಇಲ್ಲಿ ಪಿನ್ ವಿನಿಮಯ ಒಂದು ದೊಡ್ಡ ಲೋಕ. ಪ್ರತಿ ಕ್ಲಬ್ಬಿಗೆ ಒಂದು ಪಿನ್, ಪ್ರತಿ ಪಂದ್ಯಾವಳಿಗೆ ಒಂದು. ಮಗಳ ಹತ್ತಿರ ನಮ್ಮ ಕ್ಲಬ್ಬಿನ ಎರಡು ಪಿನ್ ಇದ್ದವು, ಬೆಳಿಗ್ಗೆಯೇ ಖಾಲಿ. ಉಳಿದದ್ದು ಜಾಕೆಟ್ಟಿನಲ್ಲಿ ನವೆಂಬರಿನಿಂದ ಹಾಗೇ ಇದ್ದ ರಾಜ್ಯೋತ್ಸವದ ಹಳದಿ ಕೆಂಪು ಬ್ಯಾಡ್ಜ್. ನಿಪಿಗನ್ ಅಜ್ಜಿಯ ಕಣ್ಣು ಅದರ ಮೇಲೇ. 'ಇದು ಯಾವ ಕ್ಲಬ್?' ಅಂದರು. 'ಕರ್ನಾಟಕ' ಅಂದಳು ಮಗಳು. ಅದು ಅಪ್ಪ ಅಮ್ಮನ ಊರು, ಅಲ್ಲಿ ಐಸ್ ಇಲ್ಲ, ಗ್ರಾನೈಟ್ ಮಾತ್ರ ತುಂಬಾ ಇದೆ ಅಂತ ಸೇರಿಸಿದಳು. ಬದಲಿಗೆ ಅವಳಿಗೆ 1996ರ ಪಿನ್ ಸಿಕ್ಕಿತು. ಅದು ಥಂಡರ್ ಬೇಯಲ್ಲಿ ಸ್ಕಾಟೀಸ್ ನಡೆದ ಇನ್ನೊಂದು ವರ್ಷ. ನಮ್ಮ ಬ್ಯಾಡ್ಜ್ ಅಜ್ಜಿಯ ಬೂದು ಟೊಪ್ಪಿಗೆಯ ಮೇಲೆ ನಡುವಿನಲ್ಲೇ ಕೂತಿತು.

ಫೆಬ್ರವರಿ 17, ಸೋಮವಾರ

ಸಂಜೆ ವಾಪಸ್ ವಿಮಾನ. ಬೆಳಿಗ್ಗೆ ಕಾಕಬೆಕಾ ಜಲಪಾತ ನೋಡಿ ಬಂದೆವು. ಊರಿನಿಂದ ಪಶ್ಚಿಮಕ್ಕೆ ಅರ್ಧ ಗಂಟೆ. 40 ಮೀಟರ್ ಎತ್ತರ. ಅಂಚುಗಳೆಲ್ಲ ಹೆಪ್ಪುಗಟ್ಟಿ, ನಡುವೆ ಕಂದು ಬಣ್ಣದ ನೀರು ಹೊಗೆಯಾಡುತ್ತಾ ಬೀಳುತ್ತಿತ್ತು. ಕಟಕಟೆಯ ಹತ್ತಿರ ಮೆಟ್ಟಿಲುಗಳು ಜಾರುತ್ತವೆ, ಬೂಟಿಗೆ ಹಾಕುವ ಮುಳ್ಳಿನ ಪಟ್ಟಿ ಇದ್ದರೆ ನಿಶ್ಚಿಂತೆ.

ವಾಪಸ್ ಬರುತ್ತಾ ಟೆರಿ ಫಾಕ್ಸ್ ಸ್ಮಾರಕ. ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡು, ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟ ಹುಡುಗ. 143 ದಿನ, 5,373 ಕಿಲೋಮೀಟರ್ ಓಡಿ, 1980ರ ಸೆಪ್ಟೆಂಬರ್ 1ರಂದು ಥಂಡರ್ ಬೇ ಹತ್ತಿರ ನಿಲ್ಲಿಸಬೇಕಾಯಿತು. ಹಿಮದ ನಡುವೆ ಆ ಕಂಚಿನ ಮೂರ್ತಿ ಪಶ್ಚಿಮಕ್ಕೆ ಮುಖ ಮಾಡಿ ಓಡುತ್ತಲೇ ಇದೆ. ಅಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.

ಮಧ್ಯಾಹ್ನ ಫೋನ್ ಮೇಲೆ ಫೋನ್. ಟೊರಾಂಟೊದಲ್ಲಿ ಇಳಿಯುವಾಗ ಒಂದು ವಿಮಾನ ರನ್‌ವೇಯಲ್ಲಿ ಮಗುಚಿ ಬಿದ್ದಿದೆ ಎಂಬ ಸುದ್ದಿ. ಗಂಡನ ದನಿ ನಡುಗುತ್ತಿತ್ತು. ನಾವು ಇನ್ನೂ ಹೊರಟೇ ಇಲ್ಲ ಅಂತ ಗೊತ್ತಿದ್ದರೂ ಮತ್ತೆ ಮತ್ತೆ ಕೇಳಿದರು. ಅದರಲ್ಲಿದ್ದ 80 ಜನರೂ ಬದುಕಿದರು ಎಂಬ ಸುದ್ದಿ ಬರುವ ತನಕ ನಾನು ಕಾರಿನಿಂದ ಇಳಿಯಲಿಲ್ಲ. ನಮ್ಮ ವಿಮಾನ ರದ್ದಾಯಿತು. ಮರುದಿನ ಸಂಜೆ ಅಂದರು.

ಉಳಿದ ಮಧ್ಯಾಹ್ನ ಹಿಲ್‌ಕ್ರೆಸ್ಟ್ ಪಾರ್ಕಿನಲ್ಲಿ ನಿಂತೆವು. ಕೆಳಗೆ ಊರು, ಆಚೆ ಹೆಪ್ಪುಗಟ್ಟಿದ ಕೊಲ್ಲಿ, ಅದರಾಚೆ ಸ್ಲೀಪಿಂಗ್ ಜೈಂಟ್. ಎದೆಯ ಮೇಲೆ ಕೈ ಕಟ್ಟಿ ಅಂಗಾತ ಮಲಗಿದ ಮನುಷ್ಯನ ಹಾಗೇ ಕಾಣುವ ಬೆಟ್ಟ. ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಕಥೆಯಲ್ಲಿ ಅವನು ನಾನಬಿಜು. ಬೆಳ್ಳಿ ಇರುವ ಜಾಗದ ಗುಟ್ಟನ್ನು ಬಿಳಿಯರಿಗೆ ಹೇಳಬಾರದೆಂದು ತನ್ನ ಜನಕ್ಕೆ ಎಚ್ಚರಿಸಿದ್ದ. ಗುಟ್ಟು ಹೊರಬಿತ್ತು, ಅವನು ಕಲ್ಲಾದ. ಸಂಜೆಯ ಬೆಳಕಿನಲ್ಲಿ ಅವನ ಎದೆ ಗುಲಾಬಿಯಾಗಿ, ಆಮೇಲೆ ನೀಲಿಯಾಯಿತು. ಮಗಳು ನನ್ನ ಕೈ ಬಿಡಲೇ ಇಲ್ಲ.

ಫೆಬ್ರವರಿ 18, ಮಂಗಳವಾರ

ರಾತ್ರಿ ಪ್ಲಗ್ ಹಾಕಿದ್ದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬಯಸದೇ ಸಿಕ್ಕ ಬೆಳಗಿಗೆ ಇನ್ನೊಂದು ಟಿಕೆಟ್ ತೆಗೆದುಕೊಂಡೆವು. ವಾರದ ದಿನಗಳ ಬೆಳಗಿನ ಆಟಕ್ಕೆ ಟಿಕೆಟ್ ಸಿಗುವುದು ಸುಲಭ, ಮುಂದಿನ ಸಾಲೂ ಸಿಗುತ್ತದೆ.

ಅವತ್ತು ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬಂದಿದ್ದರು. ಕೈಯಲ್ಲಿ ಬಣ್ಣದ ಪೆನ್ನಿನಲ್ಲಿ ಬರೆದ ಕಾಗದ. ಎಲ್ಲ ಕಲ್ಲಿಗೂ ಕಿರುಚಾಟ, ಒಳ್ಳೆಯದಕ್ಕೂ ಕೆಟ್ಟದಕ್ಕೂ. ದೊಡ್ಡವರ ಮೌನಕ್ಕಿಂತ ನನಗೆ ಇದೇ ಹಿತವಾಯಿತು. ಆಟ ಮುಗಿದ ಮೇಲೆ ಒಬ್ಬ ಆಟಗಾರ್ತಿ ಬೋರ್ಡಿನ ಹತ್ತಿರ ಬಂದು ಮಕ್ಕಳ ಕೈಗಳಿಗೆಲ್ಲ ಕೈ ತಟ್ಟುತ್ತಾ ಹೋದರು. ಸುಸ್ತಾಗಿತ್ತು ಅವರಿಗೆ, ಕಾಣುತ್ತಿತ್ತು. ಆದರೂ ಸಾಲಿನ ಕೊನೆಯ ಮಗುವಿನವರೆಗೂ ಹೋದರು. ಈ ಹೆಂಗಸರಲ್ಲಿ ಟೀಚರ್‌ಗಳಿದ್ದಾರೆ, ನರ್ಸ್‌ಗಳಿದ್ದಾರೆ, ಪುಟ್ಟ ಮಕ್ಕಳ ತಾಯಂದಿರಿದ್ದಾರೆ. ಕೆಲಸಕ್ಕೆ ರಜೆ ಹಾಕಿ ದೇಶದ ಚಾಂಪಿಯನ್‌ಷಿಪ್ ಆಡುತ್ತಾರೆ.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಪರ್ಷಿಯನ್ ಕೊಂಡೆವು. ಇದು ಈ ಊರಿನದೇ ತಿಂಡಿ. ಎಣ್ಣೆಯಲ್ಲಿ ಕರಿದ, ದಾಲ್ಚಿನ್ನಿ ಸುರುಳಿಯಂಥ ಬನ್ನು, ಮೇಲೆ ಗುಲಾಬಿ ಬಣ್ಣದ ಹಣ್ಣಿನ ಐಸಿಂಗ್. ಹೆಸರಿಗೂ ಪರ್ಷಿಯಾಕ್ಕೂ ಸಂಬಂಧವಿಲ್ಲ, ಪರ್ಶಿಂಗ್ ಎಂಬ ಅಮೆರಿಕದ ಜನರಲ್‌ನ ಹೆಸರಿನಿಂದ ಬಂದದ್ದು ಅಂತ ಊರಿನವರ ಮಾತು. ಬಿಸಿ ಬಿಸಿ ತಿನ್ನಬೇಕು. ಕೈಯೆಲ್ಲ ಅಂಟುತ್ತದೆ. ಆರರ ಪೆಟ್ಟಿಗೆ ತೆಗೆದುಕೊಂಡು ಎರಡು ಅಲ್ಲೇ ಮುಗಿಸಿದೆವು.

ವಿಮಾನ ಇಳಿಯುವಾಗ ಮಗಳ ಕೈ ಗಟ್ಟಿಯಾಗಿ ಹಿಡಿದಿದ್ದೆ. ಹೊರಗೆ ಗಂಡ ನಿಂತಿದ್ದರು, ಕೋಟಿನ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು.

ಫೆಬ್ರವರಿ 23, ಭಾನುವಾರ, ಮನೆಯಲ್ಲಿ

ಊರಿನ ತಂಡ ಈ ಸಲ ಫೈನಲ್ ತಲುಪಲಿಲ್ಲ. ಮನಸ್ಸಿಗೆ ಬೇಜಾರಾಯಿತು. ಫೈನಲ್ ರೇಚಲ್ ಹೋಮನ್ ಮತ್ತು ಕೆರಿ ಐನರ್ಸನ್ ನಡುವೆ. ಹೋಮನ್ ತಂಡ 6-1ರಿಂದ ಗೆದ್ದಿತು. ಅವರಿಗೆ ಇದು ಐದನೆಯ ಸ್ಕಾಟೀಸ್. ಐನರ್ಸನ್ 2020ರಿಂದ 2023ರವರೆಗೆ ಸತತ ನಾಲ್ಕು ಗೆದ್ದವರು. ಅಂಥವರನ್ನು ಒಂದೇ ಅಂಕಕ್ಕೆ ಕಟ್ಟಿಹಾಕುವುದು ಅಂದರೆ ಸಾಮಾನ್ಯವಲ್ಲ.

ನಾವು ಫ್ರೀಜರ್‌ನಿಂದ ಉಳಿದ ಪರ್ಷಿಯನ್ ತೆಗೆದು ಬಿಸಿ ಮಾಡಿ, ಮೂರು ವರ್ಷದ ಹಿಂದಿನ ಅದೇ ಸೋಫಾದಲ್ಲಿ ಕೂತಿದ್ದೆವು. ಕೈಕುಲುಕಿದ ಮೇಲೆ ಕ್ಯಾಮೆರಾ ಪ್ರೇಕ್ಷಕರ ಮೇಲೆ ನಿಧಾನವಾಗಿ ಹೊರಳಿತು. ಎಲ್ಲರೂ ಎದ್ದು ನಿಂತಿದ್ದರು. ಮಗಳು ಟಿವಿಯ ಹತ್ತಿರ ಹೋಗಿ ನಾವು ಕೂತಿದ್ದ ಸಾಲನ್ನು ಎಣಿಸತೊಡಗಿದಳು. 'ಅಲ್ಲಿ, ಅಮ್ಮ. ನಮ್ಮ ಜಾಗದಲ್ಲಿ ಯಾರೋ ಇದ್ದಾರೆ' ಅಂದಳು. ಕೆಂಪು ಕಂಬಳಿ ಹೊದ್ದ ಇಬ್ಬರು, ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದರು.